ಟವಲ್ಲಿನ ಕೆಳಗೆ ಕಾನೂನು ಹೋಗುವುದಿಲ್ಲ

ಪ್ರಶ್ನೆ ಕೇಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನಿಗೆ ಉತ್ತರವೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಧಾರಾಳವಾಗಿ ಸಿಗುತ್ತದೆ. ಕೂರಲು ಚಾಪೆ ಸಿಗುತ್ತದೆ, ಕುಡಿಯಲು ಕಾಫಿ ಸಿಗುತ್ತದೆ, ತಲೆಯ ಮೇಲೆ ಬಿಸಿಲು ಸಿಗುತ್ತದೆ, ಊರಿನವರಿಗೆ ನಗುವುದಕ್ಕೆ ಒಬ್ಬ ಮನುಷ್ಯ ಸಿಗುತ್ತಾನೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕಿಗೆ ಹಾಗೆ ಸಿಕ್ಕ ಮನುಷ್ಯ ನಾನು.

ಅರವತ್ತರ ದಶಕದ ಮಾತು. ವರ್ತಕರು ಒಬ್ಬರ ಮೇಲೊಬ್ಬರು ಪೈಪೋಟಿ ಮಾಡುವುದು ಬಿಟ್ಟು ಒಳಗೊಳಗೇ ಮಾತಾಡಿಕೊಂಡು ಒಂದೇ ದರ ಕಟ್ಟುತ್ತಿದ್ದಾರೆ ಎಂದು ಮೇಲಿನವರಿಗೆ ಅನುಮಾನ ಬಂದು, ಅದನ್ನು ಪತ್ತೆ ಮಾಡಲು ಒಂದು ಪುಟ್ಟ ಕಚೇರಿ ಹುಟ್ಟಿತು. ಹುಟ್ಟಿದಷ್ಟೇ ಬೇಗ ಸತ್ತೂ ಹೋಯಿತು, ಆದ್ದರಿಂದ ಅದರ ಹೆಸರು ಹೇಳಿ ಪ್ರಯೋಜನವಿಲ್ಲ. ನಾನು ಅಲ್ಲಿ ತಾತ್ಕಾಲಿಕ ತನಿಖಾ ಸಹಾಯಕ. ಬೆಂಗಳೂರಿನಲ್ಲಿದ್ದ ನಮ್ಮ ಆಫೀಸರು ಕಳಿಸುವಾಗಲೇ ಹೇಳಿದ್ದರು: "ನಾಲ್ಕು ತಾಲ್ಲೂಕಿನಲ್ಲಿ ಒಂದು ಕಡೆಯಾದರೂ ಒಳಒಪ್ಪಂದ ಹಿಡಿದು ತಾ. ನಿನ್ನ ಕೆಲಸ ಖಾಯಂ. ಇಲ್ಲವೋ, ಮಾರ್ಚಿಗೆ ಮನೆಗೆ."

ಕೊರಟಗೆರೆಯಲ್ಲಿ ಒಬ್ಬ ಮೇಷ್ಟರಿದ್ದರು. ಅವರ ಮಗಳನ್ನು ನಾನು ನೋಡಿ ಬಂದಿದ್ದೆ, ನನಗೆ ಬಹಳ ಹಿಡಿಸಿದ್ದಳು. ಮೇಷ್ಟರದೂ ಅದೇ ಮಾತು, "ಖಾಯಂ ಆಗಲಿ, ಲಗ್ನ ಇಡಿಸೋಣ." ಹೀಗಾಗಿ ಈ ಸೀಮೆಯ ಯಾವನೋ ಒಬ್ಬ ವ್ಯಾಪಾರಿ ಬಾಯಿಬಿಟ್ಟರೆ ನನಗೆ ಮದುವೆ, ಬಿಡದಿದ್ದರೆ ಬ್ರಹ್ಮಚರ್ಯ. ಮಾಹಿತಿ ಕೇಳುವ ಅಧಿಕಾರ ಕೊಡುವ ಆದೇಶವನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಮೊದಲನೇ ಪುಟ ಬಾಯಿಪಾಠವಾಗಿತ್ತು. ಹಿಂದಿನ ಪುಟ 'ಆದರೆ' ಎಂಬ ಮಾತಿನಿಂದ ಶುರುವಾಗುತ್ತಿತ್ತು. ಅದನ್ನು ಓದುವ ತಾಳ್ಮೆ ನನಗಿರಲಿಲ್ಲ.

೧. ಎಲ್ಲ ಮಾಹಿತಿ

ಮೊದಲನೇ ಬೇಟೆ ಮಧುಗಿರಿಯ ಹುಣಸೇಹಣ್ಣಿನ ಮಂಡಿ. ಮಂಡಿಯ ಯಜಮಾನರು ದಿಂಬಿಗೆ ಒರಗಿ ಎಲೆಯಡಿಕೆ ಹಾಕುತ್ತಿದ್ದರು. ನಾನು ಬಾಗಿಲಲ್ಲೇ ನಿಂತು, "ದರದ ವಿಷಯ ಹೇಳಿ" ಎಂದು ಗತ್ತಿನಿಂದ ಕೇಳಿದೆ.

"ಬಾಯಿ ಮಾತ್ನಾಗೆ ಕೇಳಿದ್ರೆ ಹೆಂಗೆ ಸ್ವಾಮಿ, ಬರ್ದು ಕೊಡಿ" ಎಂದರು ಅವರು.

ಬರೆದುಕೊಡುವುದರಲ್ಲಿ ನಾನು ಯಾರಿಗೆ ಕಡಿಮೆ? ಅಲ್ಲೇ ಕೂತು ನೋಟಿಸು ಬರೆದೆ. 'ತಮ್ಮ ಬಳಿ ಇರುವ ಎಲ್ಲ ಮಾಹಿತಿಯನ್ನೂ ಕೂಡಲೇ ಒದಗಿಸತಕ್ಕದ್ದು.' ಏನೂ ತಪ್ಪಿಸಿಕೊಳ್ಳಬಾರದೆಂದು 'ಎಲ್ಲ' ಎಂಬುದರ ಕೆಳಗೆ ಗೆರೆಯನ್ನೂ ಎಳೆದೆ. ಯಜಮಾನರು ಅದನ್ನು ಎದುರು ಮನೆಯ ವಕೀಲರಿಗೆ ಕಳಿಸಿದರು. ವಯಸ್ಸಾದ ವಕೀಲರು, ನಶ್ಯದ ಡಬ್ಬಿ ಹಿಡಿದುಕೊಂಡೇ ಬಂದರು. ನೋಟಿಸನ್ನು ಎರಡೆರಡು ಸಲ ಓದಿ, "ಬಹಳ ಚೆನ್ನಾಗಿದೆ, ಇದನ್ನು ಅಕ್ಷರಶಃ ಪಾಲಿಸೋಣ" ಎಂದು ಪಕ್ಕದಲ್ಲಿ ಕೂತರು.

ಯಜಮಾನರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಅವರ ಮೂಲಪುರುಷರು ಬಡಗಣ ಸೀಮೆಯಲ್ಲಿ ಬರ ಬಂದಾಗ ಎತ್ತಿನ ಮೇಲೆ ಹೇರು ಹಾಕಿಕೊಂಡು ಹೊರಟದ್ದು, ದಾರಿಯಲ್ಲಿ ಒಂದು ಎತ್ತು ಕಾಲು ಮುರಿದುಕೊಂಡದ್ದು, ಆ ಎತ್ತಿನ ಬಣ್ಣ, ಅದನ್ನು ಕೊಟ್ಟ ಮಾವನ ಜಿಪುಣತನ. ನಾನು ಬರೆದುಕೊಳ್ಳುತ್ತಾ ಹೋದೆ. ಅಣ್ಣತಮ್ಮಂದಿರ ಪಾಲುಪಾರಿಕತ್ತು ಬಂತು, ಒಂದು ಕಂಚಿನ ಹಂಡೆಗೆ ಆದ ಜಗಳ ಬಂತು. ಹಂಡೆಯ ಜಗಳ ಮುಗಿಯುವ ಲಕ್ಷಣ ಕಾಣದೆ ನಾನು ಕೈ ಮುಗಿದು, "ಹುಣಸೇಹಣ್ಣಿನ ವಿಷಯಕ್ಕೆ ಬನ್ನಿ" ಎಂದೆ.

ವಕೀಲರು ನಶ್ಯ ಏರಿಸಿ, "ನೋಟಿಸಿನಲ್ಲಿ ಹುಣಸೇಹಣ್ಣಿನ ಸೊಲ್ಲೇ ಇಲ್ಲವಲ್ಲ" ಎಂದರು. "ಯಾವ ವಿಷಯ, ಯಾವ ಕಾರಣಕ್ಕೆ ಬೇಕು ಅಂತ ಬರೆಯಬೇಕು, ನಿಮ್ಮ ಆದೇಶದ ಹಿಂದಿನ ಪುಟದಲ್ಲೇ ಇದೆ. ಬರೆಯದಿದ್ದರೆ ಇವರು ಏನೂ ಹೇಳಬೇಕಾಗಿಲ್ಲ. ಆದರೂ ದೊಡ್ಡ ಮನುಷ್ಯರು, ಎಲ್ಲಾ ಹೇಳ್ತಿದ್ದಾರೆ. ನೀವು ಬರಕೊಳ್ಳಿ."

ಊಟದ ಹೊತ್ತಿಗೆ ನನ್ನ ಪೆನ್ನಿನ ಶಾಯಿ ಮುಗಿಯಿತು. ಎದ್ದು ಹೊರಟವನನ್ನು ಯಜಮಾನರು ಬಾಗಿಲ ತನಕ ಬಂದು ಪ್ರೀತಿಯಿಂದ ಬೀಳ್ಕೊಟ್ಟರು. "ನಾಳೆ ಹೊತ್ತಾರೆನೇ ಬಂದ್ಬುಡಿ ಸ್ವಾಮಿ, ತಪ್ಪುಸ್ಬ್ಯಾಡಿ. ನಮ್ ತಾತ ಹುಟ್ಟಾದು ನಾಳೇನೇ."

೨. ಪರದೆ

ಪೆಟ್ಟು ತಿಂದವನು ಪಾಠ ಕಲಿಯುತ್ತಾನೆ. ಸಿರಾಕ್ಕೆ ಹೋಗುವಾಗ ಹಿಂದಿನ ಪುಟವನ್ನೂ ಅರ್ಧ ಓದಿದ್ದೆ. ಅಲ್ಲಿ ಹೊಗೆಸೊಪ್ಪಿನ ಅಂಗಡಿಗಳಲ್ಲೆಲ್ಲ ಒಂದೇ ದರ ಎಂದು ದೂರು ಬಂದಿತ್ತು. 'ಹೊಗೆಸೊಪ್ಪಿನ ದರ ನಿಗದಿಯ ಬಗ್ಗೆ, ಅಂಗಡಿಯಲ್ಲಿರುವ ಲೆಕ್ಕಪತ್ರ' ಎಂದು ಅಚ್ಚುಕಟ್ಟಾಗಿ ನೋಟಿಸು ಬರೆದು, ಪೇಟೆಯ ದೊಡ್ಡ ವ್ಯಾಪಾರಿಯ ಅಂಗಡಿಗೆ ಹೋದೆ. ಬಿಳಿ ಗಡ್ಡದ ಸಾಬರು, ಬಲು ಮರ್ಯಾದಸ್ಥರು.

"ಆಯಿಯೇ ಜನಾಬ್, ಬೈಠಿಯೇ" ಎಂದು ಗಾದಿಯ ಮೇಲೇ ಕೂರಿಸಿಕೊಂಡರು. ನೋಟಿಸು ಓದಿ ತಲೆಯಾಡಿಸಿದರು. "ಬರೋಬ್ಬರಿ ಐತೆ. ಆದ್ರೆ ಲೆಕ್ಕ ಎಲ್ಲಾ ಪರದೆ ಒಳ್ಗಿದೆ. ಒಳ್ಗೆ ಜನಾನಾ, ಹೆಂಗಸ್ರು ಇರೋ ಮನೆ."

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಹಸಿರು ಪರದೆ. ವಾಸದ ಮನೆಗೆ ಕಾಲಿಡಕೂಡದು, ಅಲ್ಲಿರುವುದನ್ನು ಕೇಳಕೂಡದು ಎಂಬುದೂ ನಮ್ಮ 'ಆದರೆ'ಯಲ್ಲಿ ಇತ್ತು. ಆ ದಿನ ಪರದೆ ಗಾದಿಯ ಹಿಂದೆ ಇತ್ತು, ನಾನು ಚಹಾ ಕುಡಿದು ಬಂದೆ.

ಮುಂದಿನ ವಾರ ಹೋದಾಗ ಪರದೆ ತಕ್ಕಡಿಯ ಹತ್ತಿರಕ್ಕೆ ಬಂದಿತ್ತು. ಅದರ ಮುಂದಿನ ವಾರ ತಕ್ಕಡಿಯೇ ಒಳಗೆ, ಸಾಬರ ಗಾದಿ ಮಾತ್ರ ಹೊರಗೆ. ನನ್ನ ಮೇಲಿನ ಭಯದಿಂದ ಹೀಗೆ ಮಾಡುತ್ತಿದ್ದಾರೆಂದು ನಾನು ಒಳಗೊಳಗೇ ಹಿಗ್ಗಿದೆ. ಒಂದು ವಾರ ಬಿಟ್ಟು ಮತ್ತೆ ಹೋದೆ. ಆವತ್ತು ಪರದೆ ಬೀದಿ ಬಾಗಿಲಿಗೇ ಇಳಿಬಿದ್ದಿತ್ತು. ಗಿರಾಕಿಗಳು ಬೀದಿಯಲ್ಲಿ ಸಾಲಾಗಿ ನಿಂತಿದ್ದರು, ಪರದೆಯ ಸಂದಿಯಿಂದ ಒಂದು ಕೈ ಹೊಗೆಸೊಪ್ಪನ್ನು ಹೊರಕ್ಕೆ ನೀಡುತ್ತಿತ್ತು.

"ಸಾಬ್ರೇ, ನಿಮ್ಮ ಅಂಗಡಿ ಎಲ್ಲಿ?" ಎಂದು ಕೂಗಿ ಕೇಳಿದೆ.

"ಬಡವನ ಮನೇಗೆ ಬಂದ್ರಿ, ಬಹಳ ಖುಷಿ" ಎಂದಿತು ಒಳಗಿನ ದನಿ. "ಅಂಗಡಿ ನೀವು ನಿಂತಿರೋದೇ ಜನಾಬ್. ತಪಾಸಣೆ ಮಾಡ್ಕೊಳ್ಳಿ."

ಅದರ ಹಿಂದೆಯೇ ಒಬ್ಬ ಹೆಂಗಸಿನ ದನಿ, ನನ್ನ ಚಹಾಕ್ಕೆ ಸಕ್ಕರೆ ಎಷ್ಟು ಹಾಕುವುದೆಂದು ಕೇಳಿತು. ನನ್ನ ತನಿಖೆಯಲ್ಲಿ ಪ್ರಶ್ನೆಗೆ ಸರಿಯಾದ ಉತ್ತರ ಬಂದದ್ದು ಅದೊಂದಕ್ಕೇ, ಆ ಉತ್ತರ ಕೊಟ್ಟವನು ನಾನೇ. ಕೆಳಗೆ ನೋಡಿದೆ. ನಾನು ನಿಂತಿದ್ದದ್ದು ಚರಂಡಿಯ ಮೇಲಿನ ಚಪ್ಪಡಿಯ ಮೇಲೆ. ಕಾನೂನಿನ ಪ್ರಕಾರ ಅದೇ ಅಂಗಡಿ, ಆ ಅಂಗಡಿಯಲ್ಲಿ ಇದ್ದ ಒಂದೇ ಸರಕು ನಾನು.

೩. ನೆರಳಿನ ಹದ್ದು

ಪಾವಗಡದ ಭೂಪಟ ನೋಡಿದವರಿಗೆ ಗೊತ್ತು, ನಾಲ್ಕು ಹೆಜ್ಜೆ ಜಾಸ್ತಿ ಇಟ್ಟರೆ ಆಂಧ್ರ. ಅಲ್ಲಿಯ ಕಡಲೆಕಾಯಿ ವರ್ತಕರು ಸುಗ್ಗಿಗೆ ಮುಂಚೆ ಒಂದು ದಿನ ಸೇರಿ ದರ ಮಾತಾಡಿಕೊಳ್ಳುತ್ತಾರೆಂದು ಸುದ್ದಿ ಸಿಕ್ಕಿತು. ಜಾಗವೂ ತಿಳಿಯಿತು, ಗಡಿಕಲ್ಲಿನ ಪಕ್ಕದ ಹುಣಸೇಮರ. ನಾನು ಬಾಡಿಗೆ ಸೈಕಲ್ ತುಳಿದುಕೊಂಡು ಹೋಗಿ ನೋಡಿದರೆ, ಮರ ಕಲ್ಲಿನ ಆಚೆಗಿತ್ತು. ವರ್ತಕರೆಲ್ಲ ಮರದ ಬುಡದಲ್ಲಿ ಕಂಬಳಿ ಹಾಸಿಕೊಂಡು ಕೂತಿದ್ದರು. ನನ್ನ ಅಧಿಕಾರ ಮೈಸೂರು ರಾಜ್ಯದ್ದು, ಕಲ್ಲಿನ ಹತ್ತಿರಕ್ಕೆ ಮುಗಿಯಿತು.

ಅವರು ನನ್ನನ್ನು ನೋಡಿ ದನಿಯನ್ನೂ ತಗ್ಗಿಸಲಿಲ್ಲ. ಒಬ್ಬ, "ರಾ ಸಾಮೀ, ಇಕ್ಕಡ ನೀಡ ಉಂದಿ, ಕೂರ್ಚೋ" ಎಂದು ನೆರಳಿಗೆ ಕರೆದ.

"ನಾನು ಆ ಕಡೆ ಬರೋ ಹಂಗಿಲ್ಲ. ನೀವೇ ಈ ಕಡೆ ಬನ್ನಿ."

"ಆ ಪಕ್ಕ ಎಂಡ ಕದಾ ಸಾಮೀ. ಬಿಸ್ಲಾಗೆ ಯಾರು ಬತ್ತಾರೆ?"

ಆಗ ನನಗೊಂದು ದೊಡ್ಡ ಉಪಾಯ ಹೊಳೆಯಿತು. ಹೊತ್ತು ತಿರುಗಿದ ಹಾಗೆ ಮರದ ನೆರಳೂ ತಿರುಗುತ್ತದೆ. ಈಗ ನೆರಳು ಆಂಧ್ರದಲ್ಲಿದೆ, ಮಧ್ಯಾಹ್ನ ಕಳೆದರೆ ಮೈಸೂರು ರಾಜ್ಯಕ್ಕೆ ಬರಲೇಬೇಕು. ನೆರಳಿನ ಹಿಂದೆ ವರ್ತಕರೂ ಬರಲೇಬೇಕು. ಬಂದ ಕೂಡಲೇ ನೋಟಿಸು ಕೈಗಿಟ್ಟು ಹೇಳಿಕೆ ಬರೆಸಿಕೊಳ್ಳುವುದು. ನನ್ನ ಬುದ್ಧಿಗೆ ನಾನೇ ತಲೆದೂಗಿ, ಕರವಸ್ತ್ರವನ್ನು ತಲೆಗೆ ಕಟ್ಟಿಕೊಂಡು ಬಂಡೆಯ ಮೇಲೆ ಕೂತೆ.

ಪಾವಗಡದ ಬಿಸಿಲನ್ನು ಬಂಡೆಯ ಮೇಲೆ ಕೂತು ನೋಡಿದವರಿಗೆ ಹೆಚ್ಚು ವಿವರ ಬೇಕಾಗಿಲ್ಲ. ವರ್ತಕರು ದರ ಮಾತಾಡಿದರು, ಬುತ್ತಿ ಬಿಚ್ಚಿ ಉಂಡರು, ಒಬ್ಬಿಬ್ಬರು ಮಲಗಿ ಗೊರಕೆ ಹೊಡೆದರು. ನೆರಳು ಮಾತ್ರ ನಿಧಾನವಾಗಿ, ನನ್ನ ಕಡೆಗೇ ಬರುತ್ತಿತ್ತು. ಕಲ್ಲನ್ನು ಮುಟ್ಟಿತು, ದಾಟಿತು, ನನ್ನ ಕಾಲಿನ ಮೇಲೆ ಬಿತ್ತು. ನಾನು ನೋಟಿಸು ತೆಗೆದು ಎದ್ದು ನಿಂತೆ. ಅವರೂ ಎದ್ದರು, ಕಂಬಳಿ ಕೊಡವಿದರು, ಗಾಡಿ ಕಟ್ಟಿದರು. ಕರೆದಿದ್ದವನು ಹೋಗುವಾಗ ನನ್ನ ಕೈಗೆ ಒಂದು ಹಿಡಿ ಕಡಲೆಕಾಯಿ ಹಾಕಿ, "ಪಾಪ, ಎಂಡಲೋ ಕೂರ್ಚುನ್ನಾಡು" ಎಂದು ಪಕ್ಕದವನಿಗೆ ಹೇಳಿದ.

ಅವರಾಡಿದ ಮಾತನ್ನೆಲ್ಲ ಕೇಳಿದಷ್ಟು ಬರೆದುಕೊಂಡಿದ್ದೆ, ಕಚೇರಿಗೆ ಕಳಿಸಿದೆ. 'ಹದ್ದಿನ ಆಚೆ ಆಡಿದ ಮಾತು, ಪರಿಗಣಿಸಲಾಗದು' ಎಂದು ವಾಪಸು ಬಂತು. ನನ್ನ ಕಿವಿ ಎರಡೂ ಹದ್ದಿನ ಈಚೆಗೇ ಇದ್ದವೆಂದು ವಿನಯದಿಂದ ಬರೆದೆ. ಕಿವಿಗೆ ಪ್ರತ್ಯೇಕ ಅಧಿಕಾರವಿಲ್ಲ ಎಂದು ಆಫೀಸರು ಅಷ್ಟೇ ವಿನಯವಾಗಿ ಉತ್ತರ ಬರೆದರು.

೪. ಅಂಕೆಯಿಲ್ಲದ ವಿಚಾರಣೆ

ಇದೇ ಸಮಯದಲ್ಲಿ ಮಾಹಿತಿ ತೆಗೆಯುವುದು ಹೇಗೆಂದು ನಾನು ಕಣ್ಣಾರೆ ಕಂಡೆ. ಮೇಷ್ಟರು ನನ್ನನ್ನು ಊಟಕ್ಕೆ ಕರೆದಿದ್ದರು. ಎಲೆಯ ಮುಂದೆ ಕೂರಿಸಿ, ನೋಟಿಸಿಲ್ಲ, ಕಾರಣವಿಲ್ಲ, ವಕೀಲರಿಲ್ಲ, ನೇರವಾಗಿ ಶುರುಮಾಡಿದರು. ನಿಮ್ಮ ತಂದೆಗೆ ಸಿಟ್ಟು ಜಾಸ್ತಿಯೇ? ಹಲ್ಲು ಎಲ್ಲ ನಿಮ್ಮವೇ? ಬೀಡಿ ಸೇದುತ್ತೀರಾ? ಕಾಲೇಜಿನಲ್ಲಿ ಯಾವ ವಿಷಯಕ್ಕೆ ಫೇಲಾದದ್ದು? ಪ್ರತಿಯೊಂದಕ್ಕೂ ನಾನು ಅನ್ನ ನುಂಗಿ ಉತ್ತರ ಕೊಟ್ಟೆ. ಫೇಲಾದದ್ದು ಯಾರಿಗೂ ಗೊತ್ತಿಲ್ಲವೆಂದು ತಿಳಿದಿದ್ದೆ, ಅದನ್ನೂ ಹೇಳಿದೆ.

ಕೊನೆಗೆ ಮಜ್ಜಿಗೆ ಬರುವಾಗ ಅವರು, "ಅಲ್ರೀ, ಇಷ್ಟು ದಿನದಲ್ಲಿ ಯಾವ ವ್ಯಾಪಾರಿಯೂ ನಿಮಗೆ ಏನೂ ಹೇಳಲಿಲ್ಲವೇ?" ಎಂದರು.

"ಕಾನೂನಿನಲ್ಲಿ ಬಹಳ ಅಡಚಣೆ ಇದೆ" ಎಂದೆ.

"ನನಗೇನೂ ಅಡಚಣೆ ಕಾಣಲಿಲ್ಲ" ಎಂದರು ಮೇಷ್ಟರು. ಬಾಗಿಲ ಹಿಂದೆ ಬಳೆಯ ಸದ್ದಾಯಿತು. ನನ್ನ ಭಾವೀ ಪತ್ನಿ ನಗುತ್ತಿದ್ದಳೆಂದು ಆಮೇಲೆ ಗೊತ್ತಾಯಿತು.

೫. ಕುರಿ ಸಂತೆ

ಉಳಿದದ್ದು ಕೊರಟಗೆರೆ ಕಡೆಯ ಕುರಿ ಸಂತೆ. ಮಾರ್ಚಿ ಹತ್ತಿರ ಬಂದಿತ್ತು, ನನ್ನ ಕೊನೆಯ ಆಸೆ ಅದೇ. ಅಲ್ಲಿ ವ್ಯಾಪಾರವೆಲ್ಲ ದಳ್ಳಾಳಿಗಳ ಮೂಲಕ. ದಳ್ಳಾಳಿ ಕೊಳ್ಳುವವನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಮೇಲೆ ಟವಲು ಮುಚ್ಚುತ್ತಾನೆ. ಒಳಗೆ ಬೆರಳು ಮುಟ್ಟಿ, ಗೆಣ್ಣು ಒತ್ತಿ ದರ ಮಾತಾಗುತ್ತದೆ. ಹೊರಗೆ ಇಬ್ಬರೂ ಆಕಾಶ ನೋಡುತ್ತಾ ಮಳೆಯ ವಿಷಯ ಮಾತಾಡುತ್ತಿರುತ್ತಾರೆ. ಪಕ್ಕದಲ್ಲಿ ನಿಂತವನಿಗೂ ದರ ಗೊತ್ತಾಗುವುದಿಲ್ಲ. ಆದರೂ ದಿನದ ಕೊನೆಗೆ ಎಲ್ಲ ದಳ್ಳಾಳಿಗಳ ದರವೂ ಒಂದೇ ಆಗಿರುತ್ತದೆಂದು ದೂರು.

ಮೀಸೆಯ ದಳ್ಳಾಳಿಯೊಬ್ಬನಿಗೆ ಸರಿಯಾದ ನೋಟಿಸು ಕೊಟ್ಟು, ಪ್ರಮಾಣ ಮಾಡಿಸಿ ಕೇಳಿದೆ. "ದರದ ಬಗ್ಗೆ ಏನು ಮಾತಾಡಿಕೊಂಡಿರಿ?"

"ಏನೂ ಮಾತಾಡ್ನಿಲ್ಲ ಸ್ವಾಮಿ."

"ಏನಾದರೂ ಬರೆದುಕೊಂಡಿರಾ?"

"ನಂಗೆ ಬರಿಯಾಕ್ ಬರಾಕಿಲ್ಲ."

ಎರಡೂ ಸತ್ಯ. ಮಧುಗಿರಿಗೆ ಬಂದು ವಕೀಲರನ್ನೇ ಕೇಳಿದೆ. ಅಷ್ಟು ಹೊತ್ತಿಗೆ ಅವರಿಗೂ ನನ್ನ ಮೇಲೆ ಕನಿಕರ ಹುಟ್ಟಿತ್ತು. "ಕಾಗದ ಕೇಳಬಹುದು, ಬಾಯಿ ಮಾತು ಕೇಳಬಹುದು. ಬೆರಳು ಕೇಳಬಹುದು ಅಂತ ಎಲ್ಲೂ ಬರೆದಿಲ್ಲ. ಟವಲ್ಲಿನ ಕೆಳಗೆ ಕಾನೂನು ಹೋಗೋದಿಲ್ಲಪ್ಪ" ಎಂದರು.

ಕಾನೂನು ಹೋಗದಿದ್ದರೆ ಬೇಡ, ನಾನೇ ಹೋಗುತ್ತೇನೆ ಎಂದುಕೊಂಡೆ. ಮುಂದಿನ ಸಂತೆಗೆ ಪಂಚೆ ಉಟ್ಟು, ಹೆಗಲಿಗೆ ಕಂಬಳಿ ಹಾಕಿಕೊಂಡು, ಕುರಿ ಕೊಳ್ಳುವವನ ಹಾಗೆ ಹೋದೆ. ಮೀಸೆಯವನು ನನ್ನ ಗುರುತು ಹಿಡಿದನೋ ಇಲ್ಲವೋ ದೇವರೇ ಬಲ್ಲ. ಹುಲಿಕುಂಟೆ ಕಡೆಯ ಕುರುಬನೊಬ್ಬನ ಕುರಿಮಂದೆಯ ಮುಂದೆ ನಿಲ್ಲಿಸಿ, ನನ್ನ ಕೈ ಹಿಡಿದು ಟವಲು ಮುಚ್ಚಿದ. ಒಳಗೆ ಅವನ ಬೆರಳು ಸರಸರ ಓಡತೊಡಗಿತು. ಎಷ್ಟು ಬೆರಳು ಹಿಡಿದ, ಎಷ್ಟು ಬಿಟ್ಟ ಎಂದು ಎಣಿಸುವಷ್ಟರಲ್ಲಿ ಲೆಕ್ಕ ತಪ್ಪಿತು. ಇನ್ನೊಂದು ಸಲ ಎಣಿಸೋಣವೆಂದು, ಓಡುತ್ತಿದ್ದ ಕೈಯನ್ನು ಬಿಗಿಯಾಗಿ ಹಿಡಿದು ನಿಲ್ಲಿಸಿದೆ.

ದಳ್ಳಾಳಿ ಟವಲು ತೆಗೆದು ಹೆಗಲಿಗೆ ಹಾಕಿಕೊಂಡ. "ಆಯ್ತು ಬುಡಿ. ಕುರಿ ನಿಮ್ದು."

"ನಾನು ಏನೂ ಹೇಳಲಿಲ್ಲ" ಎಂದೆ.

"ಬಿಗಿ ಹಿಡುದ್ರಿ ಅಂದ್ರೆ ಒಪ್ಕಂಡಂಗೆ. ಟವಲ್ನಾಗೆ ಆದ ಮಾತ್ ತಪ್ಪಿದೋರು ಈ ಸಂತೆನಾಗೆ ಇಲ್ಲ ಕಣಪ್ಪ." ಸುತ್ತ ಸೇರಿದ ಜನ ಹೌದು ಹೌದೆಂದರು. ನಾನು ಜೇಬು ಕೊಡವಿ ತೋರಿಸಿದೆ. ಅವನು ಅದಕ್ಕೂ ತಲೆಕೆಡಿಸಿಕೊಳ್ಳಲಿಲ್ಲ. "ಮುಂದಿನ್ ಸಂತೆಗೆ ಕೊಡಿ. ಸರ್ಕಾರಿ ನೌಕರಿ, ಎಲ್ಲಿಗ್ ಓಡೋಯ್ತೀರ?" ಅಲ್ಲಿಗೆ ನನ್ನ ವೇಷವೂ ಬಯಲಾಯಿತು. ಮಂದೆಯನ್ನು ಕುರುಬನ ಹತ್ತಿರವೇ ಬಿಟ್ಟು, ಮುಖ ಮುಚ್ಚಿಕೊಂಡು ಬಸ್ಸು ಹತ್ತಿದೆ.

ಯಾರೋ ಪುಣ್ಯಾತ್ಮ ಬೆಂಗಳೂರಿಗೆ ಮೂಗರ್ಜಿ ಹಾಕಿದ: ತನಿಖೆಗೆ ಬಂದ ಸಹಾಯಕ ದಳ್ಳಾಳಿಗಳ ಜತೆ ಸೇರಿ ಕುರಿ ವ್ಯಾಪಾರಕ್ಕೆ ಇಳಿದಿದ್ದಾನೆ. ಎಲ್ಲ ಮಾಹಿತಿಯೊಂದಿಗೆ ಸಂತೆಯ ದಿನ ಸ್ಥಳದಲ್ಲೇ ಹಾಜರಿರತಕ್ಕದ್ದು ಎಂದು ಆಫೀಸರಿಂದ ನನಗೇ ನೋಟಿಸು ಬಂತು. ನಾನು ಆಸೆಯಿಂದ ವಕೀಲರ ಹತ್ತಿರ ಓಡಿದೆ. "ಎಲ್ಲ ಮಾಹಿತಿ ಅಂತ ಬರೆದಿದ್ದಾರೆ, ವಿಷಯ ಬರೆದಿಲ್ಲ. ಇದು ನಿಲ್ಲುತ್ತದೆಯೇ?"

"ಆ ರಕ್ಷಣೆ ವರ್ತಕರಿಗಪ್ಪ" ಎಂದರು ವಕೀಲರು. "ನೀವು ನೌಕರರು. ಕೇಳಿದ್ದಕ್ಕೆಲ್ಲ ಹೇಳಬೇಕು."

ಆ ವಾರ ನನಗೆ ಅನ್ನ ಸೇರಲಿಲ್ಲ. ಕೆಲಸ ಹೋಯಿತು, ಹುಡುಗಿ ಹೋದಳು, ಮೈಮೇಲೆ ಕುರಿ ಉಳಿದವು ಎಂದು ನಿಜವಾಗಿಯೂ ಅತ್ತೆ.

ಸಂತೆಯ ದಿನ ಆಫೀಸರು ಜೀಪಿನಲ್ಲಿ ಬಂದಿಳಿದರು. ಕನ್ನಡಕ, ಟೈ, ಹೊಳೆಯುವ ಬೂಟು. ನನ್ನ ಕಥೆಯನ್ನು ಪೂರಾ ಕೇಳಿ, "ಇಷ್ಟವಿಲ್ಲದೆ ಒಬ್ಬ ಮನುಷ್ಯ ಮಂದೆ ಕುರಿ ಕೊಳ್ಳುವುದು ಹೇಗೆ ಸಾಧ್ಯ?" ಎಂದು ಗದರಿದರು. ಮೀಸೆಯವನನ್ನು ಕರೆಸಿ, "ನನಗೆ ಮಾಡಿ ತೋರಿಸು" ಎಂದರು.

"ಮಾಲು ಇಲ್ದೆ ಟವಲು ಹಾಕಂಗಿಲ್ಲ ಬುದ್ಧಿ" ಎಂದ ದಳ್ಳಾಳಿ. ನನ್ನ ಮಂದೆಯೇ ಅಲ್ಲಿ ನಿಂತಿತ್ತು. ಅದನ್ನೇ ಮುಂದೆ ಹೊಡೆದುಕೊಂಡು ಬಂದರು.

ಆಫೀಸರು ಕೈ ನೀಡುವ ಮುಂಚೆ ನನ್ನ ಕಡೆ ತಿರುಗಿ, "ನೀನು ಬಿಗಿ ಹಿಡಿದದ್ದೇ ತಪ್ಪು. ನೋಡು, ನಾನು ಕೈಯನ್ನು ಪೂರ್ತಿ ಸಡಿಲ ಬಿಡುತ್ತೇನೆ" ಎಂದು ಪಾಠ ಹೇಳಿದರು. ಟವಲು ಬಿತ್ತು. ದಳ್ಳಾಳಿ ಆಕಾಶ ನೋಡಿದ. ಆಫೀಸರೂ ಆಕಾಶ ನೋಡಿದರು. ಸ್ವಲ್ಪ ಹೊತ್ತಿಗೆ ದಳ್ಳಾಳಿ ಟವಲು ತೆಗೆದು ಆಫೀಸರಿಗೆ ದೊಡ್ಡ ನಮಸ್ಕಾರ ಹಾಕಿದ.

"ದೊಡ್ಡೋರು ಅಂದ್ರೆ ಇಂಗಿರ್ಬೇಕು. ಬಿಗಿ ಹಿಡುದ್ರೆ ಒಪ್ಕಂಡಂಗೆ. ಸಡ್ಲ ಬುಟ್ರೆ, ದರ ನೀನೇ ಹಾಕಪ್ಪ, ನಂಗೆ ನಂಬ್ಕೆ ಐತೆ ಅಂದಂಗೆ. ಕುರಿ ನಿಮ್ದು ಬುದ್ಧಿ."

ಆಫೀಸರು ನನ್ನ ಮುಖ ನೋಡಿದರು. ನಾನು ಅವರ ಬೂಟು ನೋಡಿದೆ. ಅವರು ಕೊಂಡದ್ದು ಯಾರ ಕುರಿಯನ್ನು, ಮಾರಿದವನು ಯಾರು ಎಂಬುದು ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಹೊಳೆಯಿತು. ಜನ ಸೇರತೊಡಗಿದ್ದರು. ಆಫೀಸರು ಟೈ ಸಡಿಲ ಮಾಡಿಕೊಂಡು, ಕುರುಬನನ್ನು ಪಕ್ಕಕ್ಕೆ ಕರೆದು ಪಿಸುದನಿಯಲ್ಲಿ ಏನೋ ಮಾತಾಡಿದರು. ನನ್ನ ಬಾಕಿಯನ್ನು ತಾವೇ ಹೊತ್ತು ಕುರಿಯನ್ನು ಪಾಲಿಗೆ ಬಿಟ್ಟರಂತೆ, ಮೇಯಿಸುವುದು ಅವನು, ಉಣ್ಣೆಯಲ್ಲಿ ಅರ್ಧ ಇವರದು.

ವಾಪಸು ಹೋಗುವಾಗ ಜೀಪಿನಲ್ಲಿ ಕೂತೇ ನನ್ನ ಬಗೆಗಿನ ವರದಿಯನ್ನು ಅವರೇ ಹೇಳಿ ನನ್ನ ಕೈಲೇ ಬರೆಸಿದರು. 'ಸದರಿ ಸಂತೆಯಲ್ಲಿ ದರದ ಬಗ್ಗೆ ಮಾಹಿತಿ ಕೇಳಲು ಕಾನೂನಿನಲ್ಲಿ ಅವಕಾಶವಿರುವುದಿಲ್ಲ. ತನಿಖಾ ಸಹಾಯಕರು ತಮ್ಮ ಅಧಿಕಾರದ ಮಿತಿಯನ್ನು ಸ್ವಂತ ಅನುಭವದಿಂದ ಚೆನ್ನಾಗಿ ಅರಿತಿದ್ದು, ಇವರನ್ನು ಖಾಯಂ ಮಾಡಬಹುದು.'

ಮದುವೆ ಕೊರಟಗೆರೆಯಲ್ಲೇ ಆಯಿತು. ಆಫೀಸರು ಬಂದು ಅಕ್ಷತೆ ಹಾಕಿ, ಬಿಳಿ ಅಂಚಿನ ಭಾರಿ ಕರಿ ಕಂಬಳಿಯೊಂದನ್ನು ನಮ್ಮಿಬ್ಬರ ಕೈಗೆ ಇಟ್ಟು, ನೇರವಾಗಿ ಊಟಕ್ಕೆ ಹೋದರು. ಉಣ್ಣೆ ಹೊಸದು, ಇನ್ನೂ ಮಂದೆಯ ವಾಸನೆ ಇತ್ತು. ಹೆಂಡತಿ ಅದನ್ನು ಮುಟ್ಟಿ ನೋಡಿ, ನನ್ನ ಕಿವಿಯ ಹತ್ತಿರ ಬಂದು, ಮದುವೆಯಾದ ಮೇಲಿನ ತನ್ನ ಮೊದಲ ಮಾತು ಆಡಿದಳು.

"ಇಷ್ಟು ಒಳ್ಳೆ ಕಂಬಳಿ ಎಲ್ಲಿ ಸಿಕ್ಕಿತಂತೆ, ಒಂದು ಮಾತು ಕೇಳಿ ಬನ್ನಿ."

"ಅದನ್ನು ಕೇಳುವ ಅಧಿಕಾರ ನನಗಿಲ್ಲ" ಎಂದೆ.